ಗಡ್ಡದವರ ಹಣೆಯ ಬಿರುಕಿನಲ್ಲಿರುವುದು ಕಸವಲ್ಲ

ಬೆಟ್ಟದ ಸ್ಮಾರಕದ ಮೇಲ್ವಿಚಾರಕರ ಸನ್ನಿಧಾನಕ್ಕೆ,

ಮಾನ್ಯರೇ, ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಕಲ್ಲಿನ ತಲೆಗಳ ಯೋಗಕ್ಷೇಮದ ಭಾರ ಹೊತ್ತವರೇ,

ಕಳೆದ ವಾರ ತಮ್ಮ ಕಚೇರಿ ಹೊರಡಿಸಿದ ಪ್ರಕಟಣೆಯನ್ನು ಮೂರು ಸಲ ಓದಿದೆ. ಬರುವ ಅಕ್ಟೋಬರಿನಲ್ಲಿ ಕೆಲಸಗಾರರು ಹಗ್ಗದಲ್ಲಿ ಇಳಿದು, ನಾಲ್ಕೂ ಮುಖಗಳ ಬಿರುಕುಗಳಲ್ಲಿರುವ ಹಳೆಯ ಅಂಟನ್ನು ಪೂರ್ತಿ ಕೆರೆದು, "ಸಂದುಗಳಲ್ಲಿ ಸೇರಿಕೊಂಡಿರುವ ಹೊರಗಿನ ಕಸವನ್ನೆಲ್ಲ ತೆಗೆದು ವಿಲೇವಾರಿ ಮಾಡಿ", ಹೊಸ ಅಂಟು ತುಂಬುತ್ತಾರಂತೆ. ಬಹಳ ಸಂತೋಷ. ಆದರೆ ಆ ಕಸದಲ್ಲಿ ನನ್ನ ಮಾವನ ಮಗಳು ಲೆಟ್ಟಿ ಇದ್ದಾಳೆ. ಅವಳಿಗೆ ಏಳು ವರ್ಷ. ಇನ್ನೂ ಖಚಿತವಾಗಿ ಹೇಳಬೇಕೆಂದರೆ ಇರುವುದು ಅವಳ ಕೂದಲಿನ ಒಂದು ಕುಚ್ಚು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು, ಮೇಲೆ ನೀಲಿ ಮಣಿಯ ದಾರ. ಈ ಬೆಟ್ಟಗಳ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರ ಲೆಕ್ಕದಲ್ಲಿ ಹುಡುಗಿಗೂ ಆ ಕುಚ್ಚಿಗೂ ಹೆಚ್ಚು ವ್ಯತ್ಯಾಸವಿಲ್ಲ. ಆ ಬೆಟ್ಟದ ಮೇಲೆ ಹೊರಗಿನದು ಯಾವುದು, ಒಳಗಿನದು ಯಾವುದು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆ ಚರ್ಚೆ ಶುರುವಾದರೆ ಮೊದಲು ಕೆಳಗಿಳಿಯಬೇಕಾದವರು ನಾಲ್ವರಿದ್ದಾರೆ.

ನಾನು ಯಾರೆಂದು ತಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ನನ್ನ ಹೆಸರಿನಲ್ಲಿ ತಮ್ಮಲ್ಲೊಂದು ಕಡತವಿದೆ, ಅದು ನನ್ನ ಶಾಲೆಯ ಕಡತಕ್ಕಿಂತ ದಪ್ಪ. ಹೊರಗಿನಿಂದ ಬಂದ ಪ್ರವಾಸಿಗರ ಮುಂದೆ ಟೋಪಿ ತೆಗೆದು ಎದೆಗಿಟ್ಟುಕೊಂಡು, "ಅಮ್ಮಾ, ಮೂರನೆಯವರ ಮೀಸೆಯನ್ನು ಪ್ರತಿ ವಸಂತದಲ್ಲಿ ಕತ್ತರಿಸಬೇಕಾಗುತ್ತದೆ, ಇಲ್ಲದಿದ್ದರೆ ಗಲ್ಲಕ್ಕೆ ಇಳಿಯುತ್ತದೆ" ಎಂದವನು ನಾನೇ. ಸಂಜೆ ಐದಕ್ಕೆ ನಾಲ್ವರೂ ಆ ಕಡೆ ತಿರುಗಿ ಮಲಗುತ್ತಾರೆ ಎಂದು ನಂಬಿಸಿ, ಒಂದು ಬಸ್ಸಿನಷ್ಟು ಜನರನ್ನು ಕ್ಯಾಮೆರಾ ಹಿಡಿಸಿ ಐದೂವರೆಯವರೆಗೆ ನಿಲ್ಲಿಸಿದವನೂ ನಾನೇ. ಮೂರು ವರ್ಷದ ಹಿಂದೆ ತಮ್ಮ ಸೂಚನಾ ಫಲಕಕ್ಕೆ ಅಂಟಿಸಿದ್ದ ನೋಟಿಸೂ ನನ್ನದೇ ಕೃತಿ. "ಕೆಳಕಂಡ ನಾಲ್ವರು ಮಾಲೀಕರ ಅನುಮತಿಯಿಲ್ಲದೆ ಸದರಿ ಬೆಟ್ಟದಲ್ಲಿ ವಾಸ್ತವ್ಯ ಹೂಡಿದ್ದು, ಮೂವತ್ತು ದಿನಗಳೊಳಗಾಗಿ ತಂತಮ್ಮ ಮೂಗು, ಮೀಸೆ, ಗಡ್ಡ, ಕನ್ನಡಕಗಳ ಸಮೇತ ಜಾಗ ಖಾಲಿ ಮಾಡತಕ್ಕದ್ದು." ಅದಕ್ಕಾಗಿ ತಾವು ಒಂದು ವರ್ಷ ನನಗೆ ಬೆಟ್ಟದ ಬಾಗಿಲು ಮುಚ್ಚಿದಿರಿ. ನ್ಯಾಯವೇ. ಆ ನಾಲ್ವರಿಗೆ ಇಷ್ಟು ಬೇಗ ಯಾರೂ ನ್ಯಾಯ ಕೊಟ್ಟಿರಲಿಕ್ಕಿಲ್ಲ.

ಈಗ ಇದೆಲ್ಲವನ್ನೂ ನಾನು ಯಾಕೆ ಮಾಡಿದೆ ಎಂಬುದನ್ನು ಹೇಳಬೇಕು. ಅದಕ್ಕೆ ಲೆಟ್ಟಿಯಿಂದ ಶುರುಮಾಡಬೇಕು.

ಆರು ವರ್ಷದ ಹಿಂದೆ, ಜನವರಿಯಲ್ಲಿ, ಅವಳಿಗೆ ಎದೆ ಕಟ್ಟಿತು. ನಮ್ಮ ಜನರಿಗೆಂದು ಸರ್ಕಾರ ಬಿಟ್ಟ ಮೀಸಲು ನೆಲದ ನಮ್ಮ ಮನೆಯಿಂದ ಆಸ್ಪತ್ರೆಗೆ ಐವತ್ತು ಮೈಲಿ. ಆ ದಿನ ಹಿಮಗಾಳಿಗೆ ರಸ್ತೆ ಮುಚ್ಚಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು, ಕ್ಷಮಿಸಿ.

ಅವಳ ತಂದೆ ವೆಂಡೆಲ್, ನನ್ನ ತಾಯಿಯ ತಮ್ಮ, ಅವಳ ಕೂದಲಿನ ಕುಚ್ಚೊಂದನ್ನು ಕತ್ತರಿಸಿ ಅಜ್ಜಿಯ ಕೈಗಿತ್ತ. ಅಜ್ಜಿಯೆಂದರೆ ಅವನ ತಾಯಿ, ಕೊರ್ಡೀಲಿಯಾ. ಸತ್ತವರ ಜೀವವನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡು ಸಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೂದಲ ಮೂಟೆಗೆ ಮನೆಯಲ್ಲೊಂದು ಜಾಗ, ಮೂರು ಕೋಲಿನ ಒಂದು ಪೀಠ. ದಿನಾ ಅದರ ಮುಂದೆ ಒಂದು ತಟ್ಟೆ ಊಟ. ವರ್ಷ ತುಂಬಿದ ದಿನ ಊರಿಗೆಲ್ಲ ಉಣ್ಣಿಸಿ, ಇದ್ದದ್ದನ್ನೆಲ್ಲ ಹಂಚಿ, ಜೀವವನ್ನು ಬಿಟ್ಟುಕೊಡುತ್ತೇವೆ. ಆಮೇಲೆ ಅದು ತನ್ನ ದಾರಿ ಹಿಡಿಯುತ್ತದೆ. ಅಲ್ಲಿಯವರೆಗೆ ಸಾಕುವವರಿಗೆ ಕಟ್ಟುಪಾಡು: ಕತ್ತಿ ಮುಟ್ಟಬಾರದು, ಜಗಳವಾಡಬಾರದು, ಯಾರಿಗೂ ಒಂದು ಬಿರುಸು ಮಾತು ಆಡಬಾರದು. ಬಿರುಸು ಮಾತು ಕೇಳಿದರೆ ಮಗು ಹೆದರುತ್ತದೆ.

ಈ ಕಟ್ಟುಪಾಡು ಬೇರೆ ಯಾರಿಗಾದರೂ ಸುಲಭ. ನಮ್ಮ ಅಜ್ಜಿಗಲ್ಲ. ನಮ್ಮ ಸುತ್ತಿನಲ್ಲಿ ಅವಳಷ್ಟು ಚೆನ್ನಾಗಿ ಬೈಯುವವರು ಇನ್ನೊಬ್ಬರಿರಲಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ಪಾದ್ರಿಯ ಕಾರಿನ ಹೊಗೆಕೊಳವೆಗೆ ಆಲೂಗಡ್ಡೆ ತುರುಕಿದ್ದೆ. "ನಿನ್ನ ತಲೇಲಿ ಗಾಳಿನೂ ಇಲ್ಲ ಕಣೋ. ಇದ್ದ ಗಾಳಿಗೂ ಅಲ್ಲಿ ಬೇಜಾರಾಗಿ ಎದ್ದು ಹೋಗಿದೆ" ಎಂದಿದ್ದಳು. ಪಕ್ಕದ ಮನೆಯವರು ಬಾಗಿಲು ತೆಗೆದು ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಮಕ್ಕಳನ್ನು ಬೈಯುವುದು ನಮ್ಮವರ ಪದ್ಧತಿಯಲ್ಲ ಎಂದು ಹಿರಿಯರು ಆಕ್ಷೇಪಿಸಿದರೆ, "ಇವನು ಮಗು ಅಲ್ಲ, ಹವಾಮಾನ" ಅನ್ನುತ್ತಿದ್ದಳು. ಅಂಥವಳು ಫೆಬ್ರವರಿ ಒಂದರಿಂದ ಬಾಯಿಗೆ ಬೀಗ ಹಾಕಿದಳು.

ಅವಳ ಬಾಯಿಗೆ ಬೀಗ ಬಿತ್ತು, ಮನೆಗೆ ಬೀಳಲಿಲ್ಲ. ಎರಡು ಕೋಣೆ, ಒಂಬತ್ತು ಜನ, ಒಂದು ಟಿವಿ. ಸೆಪ್ಟೆಂಬರಿನಲ್ಲಿ ಇಬ್ಬರು ದೊಡ್ಡವರು ಕುಡಿದು ಬಡಿದಾಡಿದರು. ಹೆಸರು ಬೇಡ, ಇಬ್ಬರೂ ಈ ಪತ್ರ ಓದುತ್ತಾರೆ. ಒಂದು ಬಾಟಲಿ ಹಾರಿ ಬಂದು ಮೂಟೆಯಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಬಡಿದು ಒಡೆಯಿತು. ಅಜ್ಜಿ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೆಳಗಾದರೂ ಏಳಲಿಲ್ಲ.

ಆಗ ಮಾವ ಒಂದು ಯೋಚನೆ ಹೇಳಿದ. ಅವನು ನಾಲ್ಕು ವರ್ಷದಿಂದ ತಮ್ಮ ಬೆಟ್ಟದಲ್ಲೇ ಹಗ್ಗದ ಕೆಲಸಕ್ಕಿದ್ದ. ಪ್ರತಿ ಶರತ್ಕಾಲ ಸೊಂಟಕ್ಕೆ ಪಟ್ಟಿ ಬಿಗಿದು, ತಲೆಗಳ ಮೇಲಿನಿಂದ ಇಳಿದು, ಚಳಿಗಾಲದ ನೀರು ಒಳಗೆ ಹೆಪ್ಪುಗಟ್ಟಿ ಕಲ್ಲು ಸೀಳದಂತೆ ಬಿರುಕುಗಳಿಗೆ ಅಂಟು ತುಂಬಿ, ಗೊತ್ತಾಗದಿರಲೆಂದು ಮೇಲೆ ಅದೇ ಬೆಟ್ಟದ ಕಲ್ಲಿನ ಪುಡಿ ಬಳಿಯುತ್ತಿದ್ದ. ಊರಿನಲ್ಲಿ ಅವನಿಗೆ ಬೇಕಾದಷ್ಟು ಚುಚ್ಚುಮಾತು. "ಏನೋ ವೆಂಡೆಲ್, ಇವತ್ತು ಯಾವ ದೊರೆ ಮೂಗು ಒರೆಸಿ ಬಂದೆ?" ಅವನು ನಗುತ್ತಿದ್ದ. "ಮೂಗು ಅವರದು, ಮೂರಡಿ ದಪ್ಪ ಅಷ್ಟೆ. ಅದರ ಹಿಂದೆ ಇರೋರು ನಮ್ಮ ಅಜ್ಜಂದಿರು. ನಾನು ಅವರ ಗಾಯಕ್ಕೆ ಮುಲಾಮು ಹಚ್ತಿದೀನಿ." ತಮಗೆ ತಿಳಿದಿರಬಹುದು, ಕೆತ್ತುವ ಮೊದಲು ಆ ಬೆಟ್ಟವನ್ನು ನಮ್ಮವರು ಆರು ಅಜ್ಜಂದಿರು ಎಂದು ಕರೆಯುತ್ತಿದ್ದರು. ತಾವು ನಾಲ್ಕರಲ್ಲಿ ನಿಲ್ಲಿಸಿದಿರಿ. ಉಳಿದಿಬ್ಬರ ಪರವಾಗಿ ಈ ಸಂದರ್ಭದಲ್ಲಿ ಕೃತಜ್ಞತೆ ಸಲ್ಲಿಸುತ್ತೇನೆ.

"ಅಮ್ಮಾ, ಜಗಳ ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ ಹೇಳು," ಎಂದ ಮಾವ. "ನನಗೆ ಒಂದೇ ಜಾಗ ಗೊತ್ತು. ಅಲ್ಲಿ ನಾಲ್ಕು ಜನ ಗಂಡಸರು ಒತ್ತೊತ್ತಾಗಿ ನಿಂತಿದಾರೆ. ಇಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಒಂದು ಮಾತಾಡಿಲ್ಲ."

ಅಜ್ಜಿ ಮೂಟೆಯನ್ನು ಸವರಿ, "ಚಳಿ ಆಗಲ್ವೇನೋ ಅವಳಿಗೆ?" ಎಂದಳು.

"ಗಡ್ಡದವನ ಹಣೆ ಮೇಲೆ, ಕೂದಲು ಶುರುವಾಗೋ ಕಡೆ ಒಂದು ಬಿರುಕಿದೆ. ಬೆಳಗಿನ ಬಿಸಿಲು ಮೊದಲು ಅಲ್ಲಿಗೇ ಬೀಳೋದು. ಒಳಗೆ ಗಾಳಿ ಬರಲ್ಲ, ನೀರು ಬರಲ್ಲ. ಕೂದಲನ್ನ ಕೂದಲಲ್ಲೇ ಬಚ್ಚಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಮುಂದಿನ ಅಕ್ಟೋಬರಿಗೆ ಹಗ್ಗ ಮತ್ತೆ ಇಳಿಯುತ್ತಲ್ಲ, ಆಗ ತಂದುಬಿಡ್ತೀನಿ. ಒಂದಷ್ಟು ತಿಂಗಳು ತಡ ಆಗುತ್ತೆ. ಊಟ ಹಾಕಿ ಬಿಟ್ಟುಕೊಡೋಣ."

ಅಜ್ಜಿ ಒಪ್ಪಿದಳು. ಅಕ್ಟೋಬರಿನಲ್ಲಿ ಮಾವ ಮೂಟೆಯನ್ನು ಅಂಗಿಯೊಳಗೆ ಎದೆಗೊತ್ತಿ ಒಯ್ದ. ಮಾನ್ಯರೇ, ಅನುಮತಿ ಕೇಳಲಿಲ್ಲ, ತಪ್ಪು. ಕೇಳಿದ್ದರೆ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು? ಬೆಟ್ಟದ ಆಡುಗಳು ಆ ತಲೆಗಳ ಮೇಲೆ ಹತ್ತಿ ಮರಿಹಾಕುತ್ತವೆ, ಅವು ಯಾವ ನಮೂನೆ ತುಂಬಿವೆ?

ಮುಂದಿನ ಆಗಸ್ಟಿನಲ್ಲಿ, ಹಗ್ಗ ಇಳಿಯಲು ಎರಡು ತಿಂಗಳಿರುವಾಗ, ಮಾವನ ಹಳೆಯ ಟ್ರಕ್ಕು ಜಲ್ಲಿ ರಸ್ತೆಯ ತಿರುವಿನಲ್ಲಿ ಮಗುಚಿತು. ಮುನ್ನೂರು ಅಡಿ ಮೇಲೆ ಹಗ್ಗದಲ್ಲಿ ನೇತಾಡಿ ಏನೂ ಆಗದವನು ಮೂರಡಿ ಹಳ್ಳಕ್ಕೆ ಬಿದ್ದು ತೀರಿಹೋದ.

ಅವನನ್ನು ಮಣ್ಣುಮಾಡಿ ಬಂದ ದಿನ ನಾನು ಅಜ್ಜಿಗೆ, ನಮ್ಮ ಮಾತಿನಲ್ಲಿ ಉನ್ಚಿಗೆ, ಹೇಳಿದೆ, "ಉನ್ಚಿ, ಲೆಟ್ಟಿಯನ್ನ ಹೇಗಾದರೂ ಬಿಟ್ಟುಕೊಡೋಣ. ಊಟ ಹಾಕೋಣ. ಅವಳಿಗೆ ಅರ್ಥ ಆಗುತ್ತೆ."

"ಕೈಯಲ್ಲಿ ಇಲ್ಲದ್ದನ್ನ ಹೇಗೋ ಬಿಡೋದು?" ಎಂದಳು.

ಒಂದು ವರ್ಷಕ್ಕೆಂದು ಹಿಡಿದ ವ್ರತ ಆರು ವರ್ಷವಾಯಿತು. ಆರು ವರ್ಷದಿಂದ ಖಾಲಿ ಪೀಠದ ಮುಂದೆ ದಿನಾ ಒಂದು ತಟ್ಟೆ. ಆರು ವರ್ಷದಿಂದ ಅಜ್ಜಿ ಕತ್ತಿ ಮುಟ್ಟಿಲ್ಲ. ಮಾಂಸವನ್ನು ನಾವು ಕತ್ತರಿಸಿಕೊಡುತ್ತೇವೆ, ರೊಟ್ಟಿಯನ್ನು ಹರಿದು ತಿನ್ನುತ್ತಾಳೆ. ಆರು ವರ್ಷದಿಂದ ಒಬ್ಬರನ್ನೂ ಬೈದಿಲ್ಲ. ಪಕ್ಕದ ಮನೆಯವರು ಕುರ್ಚಿ ಒಳಗಿಟ್ಟರು. ನಮ್ಮ ಮನೆಯಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ, ತಮ್ಮ ನಾಲ್ವರ ಮಧ್ಯೆ ಇರುವುದನ್ನು ಬಿಟ್ಟರೆ.

ಪ್ರತಿ ವರ್ಷ ಲೆಟ್ಟಿ ಹುಟ್ಟಿದ ದಿನ, ಜೂನ್ ಒಂಬತ್ತಕ್ಕೆ, ನಾವು ತಮ್ಮ ಬೆಟ್ಟಕ್ಕೆ ಬರುತ್ತೇವೆ. ಎಲ್ಲರ ಹಾಗೆ ಸಾಲಿನಲ್ಲಿ ಕಾರು ನಿಲ್ಲಿಸಿ, ಬಾವುಟಗಳ ನಡುವೆ ನಡೆದು, ಕಟ್ಟೆಯ ಮೇಲಿನ ದೂರದರ್ಶಕಕ್ಕೆ ನಾಣ್ಯ ಹಾಕುತ್ತೇವೆ. ಬೇರೆಯವರು ನಾಲ್ಕು ಮುಖ ನೋಡಿ ಎರಡು ನಿಮಿಷಕ್ಕೆ ಮುಗಿಸುತ್ತಾರೆ. ಅಜ್ಜಿ ಒಂದೇ ಹಣೆಯನ್ನು ನಾಣ್ಯ ಮುಗಿಯುವ ತನಕ ನೋಡುತ್ತಾಳೆ. ಹಿಂದೆ ನಿಂತ ಹೆಂಗಸೊಬ್ಬರು ಒಮ್ಮೆ, "ಅಜ್ಜಿಗೆ ಆ ಅಧ್ಯಕ್ಷರೆಂದರೆ ಬಹಳ ಭಕ್ತಿ ಅನ್ನಿಸುತ್ತೆ" ಎಂದರು. ಅಜ್ಜಿ ಕಣ್ಣು ತೆಗೆಯದೆ, "ಹೌದಮ್ಮ, ನನ್ನ ಮೊಮ್ಮಗಳನ್ನ ನೋಡ್ಕೊಳ್ತಿದಾರೆ" ಎಂದಳು. ಆ ಹೆಂಗಸು ಗೌರವದಿಂದ ತಲೆಯಾಡಿಸಿದರು. ಏನು ಅರ್ಥಮಾಡಿಕೊಂಡರೋ.

ಮೊದಲ ವರ್ಷ ಕಟ್ಟೆಯ ತುದಿಯ ಪೈನ್ ಮರದ ಕೆಳಗೆ ತಟ್ಟೆ ಇಟ್ಟಳು. ಒಣಮಾಂಸದ ಸಾರು, ಕರಿದ ರೊಟ್ಟಿ, ಕಾಡುಹಣ್ಣಿನ ಗೊಜ್ಜು. ಅಗಲ ಟೋಪಿಯ ಕಾವಲುಗಾರ ಬಂದ, ಚಿಕ್ಕ ಪ್ರಾಯದವನು, ಒಳ್ಳೆಯವನೇ.

"ಅಜ್ಜಿ, ಇಲ್ಲಿ ಪ್ರಾಣಿಗಳಿಗೆ ತಿಂಡಿ ಹಾಕೋ ಹಾಗಿಲ್ಲ."

"ಪ್ರಾಣಿಗಲ್ಲಪ್ಪ. ಮೊಮ್ಮಗಳಿಗೆ."

"ಎಲ್ಲಿ ಮೊಮ್ಮಗಳು?"

ಅಜ್ಜಿ ನಮ್ಮವರ ಅಭ್ಯಾಸದಂತೆ ತುಟಿ ಮುಂದೆ ಚಾಚಿ ಬೆಟ್ಟ ತೋರಿಸಿದಳು. ಅವನು ತಿರುಗಿ ನೋಡಿದ. "ಅಲ್ಲಿಗೆ ಯಾರನ್ನೂ ಬಿಡಲ್ಲ ಅಜ್ಜಿ."

"ಗೊತ್ತಪ್ಪ."

ಅವನು ತಟ್ಟೆಯನ್ನೆತ್ತಿ ಕಸದ ಡಬ್ಬಿಗೆ ಹಾಕಿದ. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಈಗ ಬೈಯುತ್ತಾಳೆ, ಈಗಲಾದರೂ ಬೈಯುತ್ತಾಳೆ, ಆ ನಾಲ್ಕು ತಲೆಗಳೂ ಕಿವಿ ಮುಚ್ಚಿಕೊಳ್ಳುವ ಹಾಗೆ ಬೈಯುತ್ತಾಳೆ ಎಂದು. ಅವಳು ಬಾಯಿ ತೆರೆದಳು. ಮುಚ್ಚಿದಳು. "ಪಾಪ, ಅವನ ಕೆಲಸ ಅವನು ಮಾಡ್ದ," ಎಂದು ಸೆರಗಿನಂತೆ ಹೊದ್ದ ಶಾಲು ಎಳೆದುಕೊಂಡಳು.

ಮಾನ್ಯರೇ, ನನ್ನ ಕಿಡಿಗೇಡಿತನ ಶುರುವಾದದ್ದು ಅಂದು. ಮೀಸೆಯ ಕತೆ, ಐದು ಗಂಟೆಯ ಕತೆ, ಜಾಗ ಖಾಲಿ ಮಾಡುವ ನೋಟಿಸು, ಎಲ್ಲವನ್ನೂ ಅಜ್ಜಿ ಪಕ್ಕದಲ್ಲಿರುವಾಗಲೇ ಮಾಡಿದೆ. ತಮ್ಮನ್ನು ಕೆಣಕಲು ಅಲ್ಲ. ಅವಳು ಒಮ್ಮೆ ತಡೆಯಲಾರದೆ "ಥೂ ಮಂಗ" ಅಂದುಬಿಡಲಿ ಎಂದು. ಒಂದು ಬೈಗುಳ ಹೊರಬಿದ್ದರೆ ಹಳೆಯ ಅಜ್ಜಿ ಅದರ ಹಿಂದೆಯೇ ಹೊರಬಂದಾಳು ಎಂದು. ನೋಟಿಸು ಓದಿದ ದಿನ ಅವಳ ಹೊಟ್ಟೆ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೈಯಲಿಲ್ಲ. ವ್ರತ ಮುರಿಸಲು ಹೊರಟಿದ್ದೆ ಎಂದು ನಂತರ ಹೊಳೆದು ನಾಚಿಕೆಯಾಯಿತು.

ಆ ತಮಾಷೆಗೆ ಯಾರು ದಂಡ ತೆತ್ತರೆಂಬುದು ತಮ್ಮ ಕಡತದಲ್ಲೇ ಇದೆ. ಮಾವ ಸತ್ತ ತಿಂಗಳು ಮೂಟೆ ತೆಗೆಸಿಕೊಡಿ ಎಂದು ನಾನು ಹಾಕಿದ ಮೊದಲ ಅರ್ಜಿಗೆ ತಮ್ಮ ಕಚೇರಿ ಮರ್ಯಾದೆಯಿಂದಲೇ ಉತ್ತರಿಸಿತ್ತು: ವಿಷಯ ಪರಿಶೀಲನೆಯಲ್ಲಿದೆ. ಅದು ಎರಡು ವರ್ಷ ಪರಿಶೀಲನೆಯಲ್ಲೇ ಇತ್ತು. ನೋಟಿಸಿನ ಪ್ರಕರಣವಾದ ಮೇಲೆ ಹಾಕಿದ ಎರಡನೆಯದಕ್ಕೆ, "ಅರ್ಜಿದಾರರ ಹಿಂದಿನ ನಡತೆಯನ್ನು ಗಮನಿಸಲಾಗಿದೆ." ಮೂರನೆಯದಕ್ಕೆ, "ಅಧ್ಯಕ್ಷರೊಬ್ಬರ ಹಣೆಯಲ್ಲಿ ಬಾಲಕಿಯ ಕೂದಲಿದೆ ಎಂಬ ಕಥನವು ಸದರಿ ಅರ್ಜಿದಾರರ ಇತರ ಕಥನಗಳ ಸ್ವರೂಪದ್ದೇ ಆಗಿರುವುದರಿಂದ ಮುಂದಿನ ಕ್ರಮ ಅಗತ್ಯವಿರುವುದಿಲ್ಲ." ಇದನ್ನು ಬರೆದ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅವರ ಜಾಗದಲ್ಲಿದ್ದರೂ ನನ್ನನ್ನು ನಂಬುತ್ತಿರಲಿಲ್ಲ. ಆದರೆ ನಾನು ಸುಳ್ಳುಗಾರನಾದ ಮಾತ್ರಕ್ಕೆ ಲೆಟ್ಟಿ ಸುಳ್ಳಾಗುತ್ತಾಳೆಯೇ? ಬೆಟ್ಟಕ್ಕೇ ಬೇರೆ ಮುಖ ತೊಡಿಸಿ ಇದೇ ಅದರ ಮುಖ ಎಂದು ಲೋಕಕ್ಕೆಲ್ಲ ತೋರಿಸುವ ಕಚೇರಿಗೆ, ಒಬ್ಬ ಹುಡುಗ ಮೀಸೆ ಬೆಳೆಯುತ್ತದೆ ಎಂದದ್ದು ಅಷ್ಟು ದೊಡ್ಡ ಸುಳ್ಳಾಗಿ ಕಂಡಿತೇ?

ಮೂರನೆಯ ಉತ್ತರವನ್ನು ಅಜ್ಜಿಗೆ ಓದಿ ಹೇಳಲಿಲ್ಲ. ನನ್ನ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಹಾಸಿಗೆ ಕೊಡವುವಾಗ ಅವಳಿಗೇ ಸಿಕ್ಕಿತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ನಮ್ಮ ಮನೆತನದ ಹೆಸರೇ ಎರಡು ಸಲ ನೋಡುವವರು. ಓದಿ ಮಡಚಿ ನನ್ನ ಕೈಗಿಟ್ಟಳು. ನಿನ್ನಿಂದ ಹೀಗಾಯಿತು ಎನ್ನಲಿಲ್ಲ. ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯದೆ ಕ್ಷಮಿಸುವುದು ಎಷ್ಟು ದೊಡ್ಡ ಶಿಕ್ಷೆಯೆಂದು ತಮ್ಮ ಕಾನೂನಿನ ಪುಸ್ತಕಗಳಲ್ಲಿ ಬರೆದಿರಲಿಕ್ಕಿಲ್ಲ.

ಅಜ್ಜಿಗೆ ಈಗ ಎಂಬತ್ತೊಂದು. ವಾರಕ್ಕೆ ಮೂರು ದಿನ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಕೈ ತೆಳ್ಳಗಾಗಿದೆ, ಸೂಜಿ ಚುಚ್ಚಲು ದಾದಿಯರು ನರ ಹುಡುಕುತ್ತಾರೆ. ಕಳೆದ ತಿಂಗಳು ಮರಳಿ ಬರುವಾಗ ದಾರಿಯಲ್ಲಿ, ಮೊಮ್ಮಗನೇ ಎಂದು ನಮ್ಮ ಮಾತಿನಲ್ಲಿ ಕರೆದು ಹೇಳಿದಳು, "ತಕೋಜಾ, ನಾನು ಸಾಯೋಕೆ ಹೆದರಲ್ಲ ಕಣೋ ಮಗನೇ. ಆದ್ರೆ ನಾನು ಮೊದಲು ಹೋಗ್ಬಿಟ್ರೆ ಆ ಮಗೂನ ಬಿಟ್ಟುಕೊಡೋರು ಯಾರು? ಅವಳು ಅಲ್ಲೇ ಕಾಯ್ತಿರ್ತಾಳೆ. ಅಪ್ಪ ಬರ್ತೀನಿ ಅಂದಿದ್ದ ಅಂತ."

"ನಾನು ಬಿಟ್ಟುಕೊಡ್ತೀನಿ ಉನ್ಚಿ."

"ನೀನು ಒಂದು ವರ್ಷ ಬಾಯಿ ಮುಚ್ಕೊಂಡು ಇರ್ತೀಯಾ?"

ಇಬ್ಬರೂ ನಕ್ಕೆವು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಸಣ್ಣದು. ಬೆಟ್ಟ ವಾಪಸು ಕೊಡಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ, ಅದಕ್ಕೆ ಬೇರೆ ಪತ್ರಗಳಿವೆ, ಅವು ನಮ್ಮ ಮುತ್ತಜ್ಜಂದಿರ ಕಾಲದಿಂದ ತಮ್ಮವರ ಬಳಿಯೇ ಇವೆ. ನಾನು ಕೇಳುವುದು ಇಷ್ಟೇ. ಅಕ್ಟೋಬರಿನಲ್ಲಿ ಹಗ್ಗ ಗಡ್ಡದವರ ಹಣೆಗೆ ಇಳಿದಾಗ, ಕೂದಲು ಶುರುವಾಗುವಲ್ಲಿ ಓರೆಯಾಗಿ ಹೋಗುವ ಬಿರುಕಿನ ಮೇಲ್ತುದಿಯಿಂದ ಎರಡು ಗೇಣು ಕೆಳಗೆ, ಅಂಟನ್ನು ಯಂತ್ರದಿಂದ ಕೆರೆಯಬೇಡಿ. ಕೈಯಿಂದ ಬಿಡಿಸಲು ಹೇಳಿ. ಸಿಕ್ಕಿದ್ದನ್ನು ಡಬ್ಬಿಗೆ ಹಾಕಬೇಡಿ, ಚೀಲಕ್ಕೆ ಹಾಕಿ ನಂಬರು ಬರೆಯಬೇಡಿ. ಆ ಕೆಲಸಗಾರ ಅದನ್ನು ಅಂಗಿಯೊಳಗೆ ಎದೆಗೊತ್ತಿಕೊಂಡು ತರಲಿ, ಹೋದದ್ದೂ ಹಾಗೆಯೇ. ಕಟ್ಟೆಯ ಹತ್ತಿರ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಅವಳ ಕೈಗೆ ಕೊಡಲಿ. ಬಿರುಕಿನಲ್ಲಿ ಏನೂ ಇಲ್ಲದಿದ್ದರೆ, ಇದೂ ನನ್ನ ಕತೆಯೇ ಎಂದು ತಮ್ಮ ಗುಮಾಸ್ತರು ಹೇಳಿದ್ದು ನಿಜವಾದರೆ, ಯಾವ ಶಿಕ್ಷೆಯನ್ನಾದರೂ ಕೊಡಿ. ಇದ್ದರೂ ಕೊಡಿ. ಜೀವಮಾನವಿಡೀ ನನಗೆ ಬೆಟ್ಟದ ಬಾಗಿಲು ಮುಚ್ಚಿ. ಆ ದಿನ ನಾನು ಬಾವುಟಗಳಾಚೆ, ಕಾರಿನಲ್ಲೇ ಕೂತಿರುತ್ತೇನೆ. ಗಾಜು ಮಾತ್ರ ಇಳಿಸಿರುತ್ತೇನೆ.

ಅಜ್ಜಿಯೂ ನನಗೊಂದು ಮಾತು ಕೊಟ್ಟಿದ್ದಾಳೆ. ಲೆಟ್ಟಿ ಕೈಗೆ ಬಂದು, ಊಟವಾಗಿ, ತನ್ನ ದಾರಿ ಹಿಡಿದ ಮೇಲೆ, ಆರು ವರ್ಷದಿಂದ ಒಂದೊಂದಾಗಿ ಕೂಡಿಟ್ಟಿರುವ ಬೈಗುಳಗಳನ್ನೆಲ್ಲ ನನಗೇ ಕೊಡುತ್ತಾಳಂತೆ. ಮೀಸೆಯದ್ದು ಬೇರೆ, ನೋಟಿಸಿನದ್ದು ಬೇರೆ, ಮೂರನೆಯ ಉತ್ತರದ್ದು ಎಲ್ಲಕ್ಕಿಂತ ಕೊನೆಗೆ. ಪಕ್ಕದ ಮನೆಯವರಿಗೆ ಕುರ್ಚಿ ಹೊರಗೆ ತರಲು ಈಗಲೇ ಹೇಳಿದ್ದೇನೆ. ತಡಮಾಡಬೇಡಿ ಮಾನ್ಯರೇ. ಅವಳ ದನಿ ದಿನೇ ದಿನೇ ಸಣ್ಣದಾಗುತ್ತಿದೆ.

ಇಂತಿ, ಈ ಒಂದು ಸಲ ನಿಜವನ್ನೇ ಬರೆದಿರುವ,
ಎರಡು ಸಲ ನೋಡುವವರ ಮನೆಯ ಎಮರಿ,
ಆರು ವರ್ಷದಿಂದ ಬೈಗುಳವಿಲ್ಲದೆ ಬಡವಾದ ಮೊಮ್ಮಗ